ದೇವರ ಮನೆಗೆ ಒಳ್ಳೆ ಊದಿನಕಡ್ಡಿ: ಆರಿಸುವುದು, ಹಚ್ಚುವುದು, ಇಡುವುದು

ನಮ್ಮತ್ತೆಗೆ ದಮ್ಮು ಇದೆ. ಚಿಕ್ಕಮಗಳೂರಿನ ಮಳೆಗಾಲ ಬಂತೆಂದರೆ ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಸೆರಗಿನ ತುದಿಯಲ್ಲೇ ಇರುತ್ತದೆ. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ನಾನು ದೊಡ್ಡದೊಂದು ಪ್ಯಾಕೆಟ್ ‘ಚಂದನ’ ಊದಿನಕಡ್ಡಿ ತಂದಿದ್ದೆ. ಒಂದು ಕೊಂಡರೆ ಇನ್ನೊಂದು ಉಚಿತ. ಡಬ್ಬಿಯ ಮೇಲೆ ಗಂಧದ ಕೊರಡಿನ ಚಿತ್ರ. ಬೆಳಿಗ್ಗೆ ಎರಡು, ಸಂಜೆ ಎರಡು ಹಚ್ಚುತ್ತಿದ್ದೆ. ಅತ್ತೆ ಕೆಮ್ಮುತ್ತಿದ್ದರು. ಮಳೆ, ಥಂಡಿ, ಅದಕ್ಕೇ ಇರಬೇಕು ಅಂದುಕೊಂಡೆವು.

ಗೌರಿ ಹಬ್ಬಕ್ಕೆ ಕೊಪ್ಪದ ಹತ್ತಿರದ ಮೂಲ ಮನೆಗೆ ಹೋದೆವು. ಅಲ್ಲಿ ಊರಿಗಿಂತ ಜಾಸ್ತಿ ಮಳೆ, ಜಾಸ್ತಿ ಥಂಡಿ. ಆದರೂ ನಾಲ್ಕು ದಿನ ಅತ್ತೆ ಪಂಪು ಮುಟ್ಟಲಿಲ್ಲ. ವಾಪಸ್ ಬಂದ ಸಂಜೆ ದೀಪ ಹಚ್ಚಿ, ಎಂದಿನಂತೆ ಎರಡು ಕಡ್ಡಿ ಹಚ್ಚಿದೆ. ಐದು ನಿಮಿಷಕ್ಕೆ ಕೆಮ್ಮು ಶುರುವಾಯಿತು. ಆಗ ಗೊತ್ತಾಯಿತು.

“ಬೇಡ ಅನ್ನೋಕೆ ಮನಸ್ಸು ಬರಲಿಲ್ಲ ಕಣೇ. ದೇವರಿಗೆ ಹಚ್ಚೋದಲ್ವಾ?” ಅಂದರು ಅತ್ತೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ನಾನು ಊದಿನಕಡ್ಡಿಯನ್ನು ಅಕ್ಕಿ ಆರಿಸಿದಷ್ಟೇ ಜೋಪಾನವಾಗಿ ಆರಿಸುತ್ತೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಷೋಡಶೋಪಚಾರದಲ್ಲಿ ಹೂವಾದ ಮೇಲೆ ಧೂಪ, ಆಮೇಲೆ ದೀಪ, ನೈವೇದ್ಯ. ಧೂಪ ತೋರಿಸುವಾಗ ಭಟ್ಟರು ಹೇಳುವುದು ‘ಧೂಪಮಾಘ್ರಾಪಯಾಮಿ’ ಅಂತ. ಆಘ್ರಾಣ ಅಂದರೆ ಮೂಸುವುದು. ದೇವರು ಮೂಸಲಿ ಎಂದು ಧೂಪ ಕೊಡುತ್ತೇವೆ. ಅಂದ ಮೇಲೆ ಕೊಡಬೇಕಾದದ್ದು ಪರಿಮಳ. ಹೊಗೆ ಅದನ್ನು ಹೊತ್ತು ತರುತ್ತದೆ, ಅಷ್ಟೇ. ಹೊಗೆ ಕಡಿಮೆ, ಪರಿಮಳ ಹಿತ, ಮನೆಯಲ್ಲಿ ಯಾರಿಗೂ ಕಣ್ಣು ಉರಿಯಬಾರದು. ನಾನು ಕಡ್ಡಿ ಆರಿಸುವಾಗ ಇಷ್ಟನ್ನೇ ನೋಡುತ್ತೇನೆ.

ಮೊದಲು ಮನೆ ನೋಡಿ, ಆಮೇಲೆ ಅಂಗಡಿ

ಅಂಗಡಿಗೆ ಹೋಗುವ ಮೊದಲು ದೇವರ ಮನೆಯ ಮುಂದೆ ಒಂದು ನಿಮಿಷ ನಿಲ್ಲಿ. ಕಿಟಕಿ ಇದೆಯಾ? ಬಾಗಿಲು ಎಲ್ಲಿಗೆ ತೆರೆಯುತ್ತದೆ? ತೊಟ್ಟಿ ಮನೆಯಲ್ಲಿ ಹಚ್ಚಿದ ಹೊಗೆ ತೊಟ್ಟಿಯಿಂದ ಮೇಲೆ ಹೋಗಿಬಿಡುತ್ತದೆ. ಈಗಿನ ಮನೆಗಳಲ್ಲಿ ದೇವರ ಮನೆ ಅಂದರೆ ಹಾಲ್‌ನ ಮೂಲೆಯ ಒಂದು ಗೂಡು, ಇಲ್ಲ ಅಡುಗೆಮನೆಯ ಒಂದು ಕಪಾಟು. ಹೊಗೆಗೆ ಹೋಗಲು ದಾರಿಯೇ ಇಲ್ಲ. ಅಂಥ ಕಡೆ ದಪ್ಪ ಕಡ್ಡಿ, ಕಪ್ ಸಾಂಬ್ರಾಣಿ ದಿನಾ ಹಚ್ಚುವ ವಸ್ತುಗಳಲ್ಲ.

ಆಮೇಲೆ ಮನೆಯಲ್ಲಿ ಯಾರಿದ್ದಾರೆ ನೋಡಿ. ದಮ್ಮು ಇರುವವರು, ಎಳೆ ಮಗು, ಬಸುರಿ, ಬಾಣಂತಿ, ಪಂಜರದ ಹಕ್ಕಿ. ಇವರಲ್ಲಿ ಯಾರ ಉಸಿರು ಎಲ್ಲಕ್ಕಿಂತ ನಾಜೂಕೋ ಅವರಿಗೆ ಒಗ್ಗುವ ಕಡ್ಡಿಯೇ ಮನೆಯ ಕಡ್ಡಿ ಆಗಬೇಕು. ಯಾವ ಕಡ್ಡಿಯೂ ಒಗ್ಗದಿದ್ದರೆ ಹಚ್ಚಬೇಡಿ. ಹೂವಿಟ್ಟು, ತೇದ ಗಂಧ ಇಟ್ಟು, ತುಪ್ಪದ ದೀಪ ಹಚ್ಚಿದರೆ ಪೂಜೆಗೆ ಯಾವ ಕೊರತೆಯೂ ಆಗುವುದಿಲ್ಲ.

ಕಡ್ಡಿಯೊಳಗೆ ಏನಿದೆ ತಿಳಿದುಕೊಳ್ಳಿ

ಊದಿನಕಡ್ಡಿಯ ‘ಊದು’ ಬಾಯಲ್ಲಿ ಊದುವ ಊದು ಅಲ್ಲ. ಅದು ಅರಬ್ಬಿಯಿಂದ ಬಂದ ಊದ್, ಅಂದರೆ ಅಗರು ಮರ. ಅಗರಬತ್ತಿ ಅನ್ನುವ ಹೆಸರಲ್ಲೂ ಅದೇ ಮರ ಇದೆ. ಅಸ್ಸಾಮಿನ ಕಡೆಯ ಮರ ಅದು. ಮರಕ್ಕೆ ಗಾಯವಾಗಿ, ಶಿಲೀಂಧ್ರ ತಗುಲಿದಾಗ ಒಳಗಿನ ತಿರುಳು ಕಪ್ಪಾಗಿ ರಾಳ ತುಂಬಿಕೊಳ್ಳುತ್ತದೆ. ಪರಿಮಳ ಇರುವುದು ಆ ಕಪ್ಪು ತಿರುಳಿನಲ್ಲಿ. ಈಗ ನಮ್ಮ ಮಲೆನಾಡಿನ ತೋಟಗಳಲ್ಲೂ ಅಡಿಕೆ, ಕಾಫಿ ನಡುವೆ ಅಗರು ಬೆಳೆಸುತ್ತಾರೆ. ಆದರೆ ಆ ತಿರುಳಿನ ಬೆಲೆಗೂ ಅಂಗಡಿಯ ಹತ್ತು ರೂಪಾಯಿ ಪ್ಯಾಕೆಟ್ಟಿಗೂ ಸಂಬಂಧವೇ ಇಲ್ಲ. ಹೆಸರಲ್ಲಿ ಎರಡು ಸಲ ಇರುವ ಮರ ಕಡ್ಡಿಯಲ್ಲಿ ಒಂದು ಸಲವೂ ಇರುವುದಿಲ್ಲ.

ಹಾಗಾದರೆ ಇರುವುದೇನು? ಬಿದಿರ ಕಡ್ಡಿ. ಅದರ ಮೇಲೆ ಇದ್ದಿಲ ಪುಡಿ, ಮರದ ಹೊಟ್ಟು, ಇವನ್ನೆಲ್ಲ ಹಿಡಿದಿಡುವ ಜಿಗಟು. ಈ ಜಿಗಟು ಪುಡಿಗೆ ಗುಳಮಾವಿನ ತೊಗಟೆಯನ್ನೂ ಬಳಸುತ್ತಾರೆ. ನಮ್ಮ ಘಟ್ಟದ ಕಾಡಿನ ಮರ. ತೊಗಟೆಯನ್ನು ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ದಿನಾ ನಾಲ್ಕು ಕಡ್ಡಿ ಹಚ್ಚುತ್ತಿದ್ದವಳು ಒಂದೂವರೆಗೆ ಇಳಿದದ್ದಕ್ಕೆ ಇದೂ ಒಂದು ಕಾರಣ.

ಪರಿಮಳ ಹೇಗೆ ಸೇರಿದೆ ಅನ್ನುವುದರ ಮೇಲೆ ಕಡ್ಡಿಯ ಜಾತಿ ಹೇಳಬಹುದು.

ಮೊದಲನೆಯದು ಅದ್ದಿದ ಕಡ್ಡಿ. ಪರಿಮಳವಿಲ್ಲದ ಕಪ್ಪು ಬತ್ತಿಯನ್ನು ಮೊದಲೇ ಮಾಡಿಟ್ಟುಕೊಂಡು, ಸೆಂಟಿನ ಎಣ್ಣೆಯಲ್ಲಿ ಅದ್ದಿ ಒಣಗಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕಡ್ಡಿ ಹೆಚ್ಚಾಗಿ ಇದೇ. ಸೆಂಟನ್ನು ತೆಳ್ಳಗೆ ಮಾಡಲು ಡೈಈಥೈಲ್ ಥ್ಯಾಲೇಟ್‌ನಂಥ ದ್ರಾವಕ ಬೆರೆಸುವುದೂ ಉಂಟು. ಅದ್ದಿದ ಕಡ್ಡಿ ಎಲ್ಲವೂ ಕೆಟ್ಟದ್ದೇನಲ್ಲ. ಒಳ್ಳೆ ಸುಗಂಧದಲ್ಲಿ ಹದವಾಗಿ ಅದ್ದಿದ ಕಡ್ಡಿ ಚೆನ್ನಾಗಿಯೇ ಇರುತ್ತದೆ. ಆದರೆ ಮೋಸಕ್ಕೆ ಜಾಗ ಜಾಸ್ತಿ ಇರುವುದೂ ಇಲ್ಲೇ.

ಎರಡನೆಯದು ಮಸಾಲೆ ಬತ್ತಿ. ಗಂಧದ ಪುಡಿ, ರಾಳ, ಬೇರು, ಹೂವು, ಲವಂಗ, ಕಚೋರ, ಲಾವಂಚ ಇಂಥವನ್ನು ಪುಡಿ ಮಾಡಿ ಹಿಟ್ಟಿನಂತೆ ಕಲಸಿ ಕಡ್ಡಿಗೆ ಹೊಸೆಯುತ್ತಾರೆ. ಬಣ್ಣ ಕಂದು, ಮೇಲೆ ಸಣ್ಣ ಪುಡಿ ಉದುರುತ್ತದೆ. ಕೈಯಲ್ಲಿ ಹೊಸೆದದ್ದಾದರೆ ಒಂದು ಕಡ್ಡಿ ಇನ್ನೊಂದರ ಹಾಗಿರುವುದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಈ ಕಸುಬು ದೊಡ್ಡದು, ಹೊಸೆಯುವ ಕೈ ಹೆಚ್ಚಾಗಿ ಹೆಂಗಸರದು. ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಅದು ನಮ್ಮದೇ. ಹಾಲುಮಡ್ಡಿ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ದೊಡ್ಡ ಮರ. ತೊಗಟೆಗೆ ಕಚ್ಚು ಹಾಕಿದರೆ ಹಾಲಿನಂಥ ಅಂಟು ಒಸರಿ, ಆಮೇಲೆ ಗಟ್ಟಿಯಾಗಿ ಮಡ್ಡಿ ಆಗುತ್ತದೆ. ಹೊರದೇಶದಲ್ಲಿ ಊದಿನಕಡ್ಡಿ ಮೆಚ್ಚುವವರೂ ಇದನ್ನು ಹಾಲುಮಡ್ಡಿ ಅಂತ ಕನ್ನಡದ ಹೆಸರಿಂದಲೇ ಕರೆಯುತ್ತಾರೆ. ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ಹಾಲುಮಡ್ಡಿಯ ಗುಣ ಏನೆಂದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಈ ಕಡ್ಡಿ ಮುಟ್ಟಿದರೆ ಸ್ವಲ್ಪ ಮೆತ್ತಗೆ, ಸ್ವಲ್ಪ ಅಂಟು. ನಿಧಾನವಾಗಿ ಉರಿಯುತ್ತದೆ. ಪರಿಮಳ ಸಿಹಿ, ಆದರೆ ಮೂಗಿಗೆ ಹೊಡೆಯುವುದಿಲ್ಲ. ಸಂಪಿಗೆ ಕಡ್ಡಿಯಲ್ಲಿ ಇದನ್ನು ಸೇರಿಸುವುದು ಹಳೆಯ ರೂಢಿ. ಮಡ್ಡಿಗೋಸ್ಕರ ಮರಕ್ಕೆ ಆಳವಾಗಿ ಕಚ್ಚು ಹಾಕಿ ಹಾಕಿ ಎಷ್ಟೋ ಮರ ಹಾಳಾಗಿವೆ. ಅದಕ್ಕೇ ನಿಜವಾದ ಹಾಲುಮಡ್ಡಿ ಇರುವ ಕಡ್ಡಿ ಅಗ್ಗವಾಗಿ ಸಿಗುವುದಿಲ್ಲ.

ಇವು ಬಿಟ್ಟರೆ ಬಿದಿರಿಲ್ಲದ ಧೂಪದ ಕಡ್ಡಿ, ಕೋನ್, ಕಪ್ ಸಾಂಬ್ರಾಣಿ. ಬಿದಿರು ಸುಡಬಾರದು ಅನ್ನುವ ಮನೆಗಳಲ್ಲಿ ಧೂಪದ ಕಡ್ಡಿಯನ್ನೇ ಹಚ್ಚುತ್ತಾರೆ. ಅದರ ಹೊಗೆ ಸಾಮಾನ್ಯ ಕಡ್ಡಿಗಿಂತ ದಪ್ಪ ಅನ್ನುವುದು ನೆನಪಿರಲಿ. ಸಣ್ಣ ತುಂಡು ಮುರಿದು ಹಚ್ಚಿದರೆ ಸಾಕು.

ಅಂಗಡಿಯಲ್ಲಿ

ಸೂಪರ್ ಮಾರ್ಕೆಟ್ಟಿಗಿಂತ ಗ್ರಂಥಿಗೆ ಅಂಗಡಿ ಒಳ್ಳೆಯದು. ಅಲ್ಲಿ ಬಿಡಿಯಾಗಿ ತೋರಿಸುತ್ತಾರೆ, ಕೇಳಿದರೆ ವಿಷಯ ಹೇಳುತ್ತಾರೆ. ನಾನು ಹೋಗುವ ಅಂಗಡಿಯ ಶೆಟ್ಟರು ಮೊದಲ ದಿನವೇ ಒಂದು ಪಾಠ ಹೇಳಿದರು. ನಾನು ಒಂದು ಪ್ಯಾಕೆಟ್ ಮೂಸಿ “ಇದು ಘಂ ಅಂತಿದೆ, ಕೊಡಿ” ಅಂದೆ. ಅವರು ಕೊಡಲಿಲ್ಲ. “ಪ್ಲಾಸ್ಟಿಕ್ ಕವರ್ ದಾಟಿ ಬರ್ತಿದೆ ಅಂದ್ರೆ ಒಳಗಿರೋದು ಬರೀ ಸೆಂಟು ಅಕ್ಕಾ. ಹಚ್ಚಿದ ಮೇಲೆ ಇದರ ಬುದ್ಧಿ ಬೇರೆ” ಅಂದರು. ಇನ್ನೊಂದು ಪ್ಯಾಕೆಟ್ ಬಿಚ್ಚಿ ಒಂದು ಕಡ್ಡಿ ಕೈಗಿಟ್ಟರು. ಅದನ್ನು ಮೂಗಿನ ಹತ್ತಿರ ತಂದಾಗ ಮಾತ್ರ ವಾಸನೆ ಬಂತು. ಹಳೆ ಬೀರುವಿನಲ್ಲಿ ಗಂಧದ ಚಕ್ಕೆ ಇಟ್ಟ ಸೀರೆಯ ವಾಸನೆ.

ಹಸಿ ಕಡ್ಡಿಯ ವಾಸನೆಯೇ ಎಲ್ಲವನ್ನೂ ಹೇಳುವುದಿಲ್ಲ, ಆದರೆ ಒಂದಷ್ಟು ಹೇಳುತ್ತದೆ. ಪೆಟ್ರೋಲು, ನೇಲ್ ಪಾಲಿಶ್, ಸೋಪಿನಂಥ ವಾಸನೆ ಬೆನ್ನಲ್ಲೇ ಬಂದರೆ ಬಿಟ್ಟುಬಿಡಿ. ಕಡ್ಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಗಾಢ ಹಸಿರು, ಗುಲಾಬಿ ಬಣ್ಣ ಬೆರಳಿಗೆ ಹತ್ತಿದರೆ ಅದು ಬರೀ ಬಣ್ಣ. ಆ ಬಣ್ಣವೂ ಕಡ್ಡಿಯ ಜೊತೆ ಸುಡುತ್ತದೆ. ಎಣ್ಣೆ ಜಿಡ್ಡು ಜಾಸ್ತಿ ಹತ್ತಿದರೂ ಬೇಡ. ಹಾಲುಮಡ್ಡಿಯ ಅಂಟು ಬೇರೆ, ಅದು ಜಿಡ್ಡಲ್ಲ, ಬೆಲ್ಲ ಮುಟ್ಟಿದ ಹಾಗಿರುತ್ತದೆ.

ಈಗ ಡಬ್ಬಿ ತಿರುಗಿಸಿ. ಕಡ್ಡಿಯ ಲೆಕ್ಕ ಬಿಡಿ, ತೂಕ ನೋಡಿ. ತಯಾರಿಸಿದವರ ವಿಳಾಸ, ತಯಾರಾದ ತಿಂಗಳು, ಬೆಲೆ, ಇವೆಲ್ಲ ಇರಲೇಬೇಕು. ವಿಳಾಸವೇ ಇಲ್ಲದ ಪ್ಯಾಕೆಟ್ ಎಷ್ಟು ಚೆಂದ ಇದ್ದರೂ ವಾಪಸ್ ಇಡಿ. ಭಾರತೀಯ ಮಾನಕ ಬ್ಯೂರೊ 2025ರ ಡಿಸೆಂಬರ್‌ನಲ್ಲಿ ಅಗರಬತ್ತಿಗೆಂದೇ ಐಎಸ್ 19412 ಅನ್ನುವ ಮಾನದಂಡ ಹೊರತಂದಿದೆ. ಕೆಲವು ಕೀಟನಾಶಕ, ಕೆಲವು ಕೃತಕ ಸುಗಂಧದ ರಾಸಾಯನಿಕಗಳನ್ನು ಕಡ್ಡಿಗೆ ಬಳಸಬಾರದು ಎಂದು ಅದು ಹೇಳುತ್ತದೆ. ಡಬ್ಬಿಯ ಮೇಲೆ ಆ ಸಂಖ್ಯೆಯೂ ಐಎಸ್‌ಐ ಗುರುತೂ ಕಂಡರೆ ಅದಕ್ಕೆ ಬೆಲೆ ಕೊಡಿ.

‘ನೈಸರ್ಗಿಕ’, ‘ಹರ್ಬಲ್’ ಅನ್ನುವ ಮಾತಿಗೆ ನಾನು ಮರುಳಾಗುವುದಿಲ್ಲ. ಏನನ್ನು ಸುಟ್ಟರೂ ಹೊಗೆ ಹೊಗೆಯೇ. ಅದರಲ್ಲಿ ಸಣ್ಣ ಕಣಗಳು, ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತವೆ. ಒಳ್ಳೆ ಕಡ್ಡಿಗೂ ಕಿಟಕಿ ತೆಗೆಯಲೇಬೇಕು.

‘ಶುದ್ಧ ಶ್ರೀಗಂಧ’ದ ವಿಷಯ ಬೇರೆಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ತರೀಕೆರೆ, ಕಡೂರು ಕಡೆಯ ಒಣ ಕಾಡು ಗಂಧದ ನೆಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ, 1916ರ ಹೊತ್ತಿಗೆ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಎಣ್ಣೆ ಇರುವುದು ಮರದ ತಿರುಳಿನಲ್ಲಿ, ಬೇರಿನಲ್ಲಿ. ತಿರುಳು ಕಟ್ಟಲು ವರ್ಷಗಟ್ಟಲೆ ಬೇಕು. ಈಗ ಒಂದು ಕೆಜಿ ಗಂಧದೆಣ್ಣೆಗೆ ಲಕ್ಷದ ಮೇಲೆ ಬೆಲೆ. ಇಪ್ಪತ್ತು ರೂಪಾಯಿಯ ಪ್ಯಾಕೆಟ್ಟಿನಲ್ಲಿ ಆ ಎಣ್ಣೆ ಎಷ್ಟಿರಬಹುದು, ನೀವೇ ಯೋಚಿಸಿ. ಅದರಲ್ಲಿರುವುದು ಗಂಧದ ಹಾಗೆ ವಾಸನೆ ಬರುವ ಕೃತಕ ಸುಗಂಧ. ಅದು ಹಿತವಾಗಿದ್ದರೆ ಹಚ್ಚಬಹುದು, ತಪ್ಪೇನಿಲ್ಲ. ಆದರೆ ಶ್ರೀಗಂಧ ಅಂದುಕೊಂಡು ಜಾಸ್ತಿ ದುಡ್ಡು ಕೊಡಬೇಡಿ. ನಿಜವಾದ ಗಂಧದ ಪರಿಮಳ ಮೃದು, ಹಾಲಿನ ಕೆನೆಯ ಹಾಗೆ. ಕೋಣೆಗೆ ಕಾಲಿಟ್ಟ ಕೂಡಲೇ ಮುಖಕ್ಕೆ ರಾಚುವುದಿಲ್ಲ. ನಂಬಿಕೆ ಬಾರದಿದ್ದರೆ ಮನೆಯ ಗಂಧದ ಕೊರಡು ಒಂದೆರಡು ಸುತ್ತು ತೇದು ಮೂಸಿ. ಮೂಗಿಗೆ ಆ ಅಳತೆ ಸಿಕ್ಕರೆ ಆಮೇಲೆ ಯಾವ ಡಬ್ಬಿಯ ಚಿತ್ರವೂ ಮೋಸ ಮಾಡುವುದಿಲ್ಲ.

ಇನ್ನು ಬೆಲೆ. ಒಂದು ಪ್ಯಾಕೆಟ್ 60 ರೂಪಾಯಿಗೆ 120 ಗ್ರಾಂ, ಇನ್ನೊಂದು ಅದೇ 60 ರೂಪಾಯಿಗೆ 15 ಗ್ರಾಂ ಅಂತಿಟ್ಟುಕೊಳ್ಳಿ. ಮೊದಲನೆಯದು ಗ್ರಾಂಗೆ 50 ಪೈಸೆ, ಎರಡನೆಯದು ಗ್ರಾಂಗೆ 4 ರೂಪಾಯಿ. ಎಂಟು ಪಟ್ಟು! ಆದರೆ ಮೊದಲನೆಯದರಲ್ಲಿ ದಿನಕ್ಕೆ ನಾಲ್ಕು ಹಚ್ಚಿ ಒಂದು ತಿಂಗಳಿಗೆ ಮುಗಿಸುತ್ತೇವೆ. ಎರಡನೆಯದರ ಹನ್ನೆರಡು ಕಡ್ಡಿಯನ್ನು ದಿನಕ್ಕೆ ಅರ್ಧದಂತೆ ಹಚ್ಚಿದರೆ 24 ದಿನ ಬರುತ್ತದೆ. ದಿನದ ಲೆಕ್ಕದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಎಂಟಾಣೆ. ನನಗೆ ಧೈರ್ಯ ಬಂದದ್ದು ಈ ಲೆಕ್ಕ ಹಾಕಿದ ಮೇಲೆ.

ಹೊಸದನ್ನು ಮೊದಲ ಸಲ ತರುವಾಗ ಚಿಕ್ಕ ಪ್ಯಾಕೆಟ್ಟನ್ನೇ ತನ್ನಿ.

ಮನೆಯಲ್ಲಿ ಒಂದು ಕಡ್ಡಿ ಹಚ್ಚಿ ನೋಡಿ

ಇದನ್ನು ಪೂಜೆಯ ಹೊತ್ತಲ್ಲಿ ಮಾಡಬೇಡಿ. ಅಡುಗೆ ವಾಸನೆ ಇಲ್ಲದ ಮಧ್ಯಾಹ್ನ ಮಾಡಿ. ದಿನಕ್ಕೆ ಒಂದೇ ಕಡ್ಡಿ. ಎರಡು ಮೂರು ಒಟ್ಟಿಗೆ ನೋಡಿದರೆ ಮೂಗು ಸೋತುಹೋಗುತ್ತದೆ, ಎಲ್ಲಾ ಒಂದೇ ಥರ ಕಾಣುತ್ತದೆ.

ಕಡ್ಡಿಯ ತುದಿಗೆ ಬೆಂಕಿ ಹಿಡಿಸಿ, ಐದಾರು ಸೆಕೆಂಡು ಉರಿಯಲು ಬಿಡಿ. ಬಾಯಲ್ಲಿ ಊದಬೇಡಿ, ಕೈ ಬೀಸಿ ಜ್ವಾಲೆ ಆರಿಸಿ. ತುದಿ ಕೆಂಡವಾಗಿ ಸಮನಾಗಿ ಕೆಂಪಗೆ ಕಾಣಬೇಕು. ಮೊದಲ ಒಂದು ನಿಮಿಷದ ವಾಸನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಬೆಂಕಿಕಡ್ಡಿಯದ್ದೂ ಆಗಿರಬಹುದು.

ಆಮೇಲೆ ನೀವು ಆ ಕೋಣೆಯಿಂದ ಹೊರಗೆ ಬನ್ನಿ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಒಳಗೇ ಕೂತಿದ್ದರೆ ಹತ್ತು ನಿಮಿಷಕ್ಕೆ ಏನೂ ಗೊತ್ತಾಗುವುದಿಲ್ಲ. ನಾನು ಹಿತ್ತಲಿಗೆ ಹೋಗಿ ಬಟ್ಟೆ ತೆಗೆದುಕೊಂಡು, ಹದಿನೈದು ನಿಮಿಷ ಬಿಟ್ಟು ಒಳಗೆ ಬರುತ್ತೇನೆ. ಬಾಗಿಲಲ್ಲಿ ಮೊದಲ ಉಸಿರಿಗೆ ಏನು ಬಂತೋ ಅದೇ ಆ ಕಡ್ಡಿಯ ನಿಜವಾದ ಪರಿಮಳ. ಹೂವಿನ ನೆನಪು ಬಂತಾ? ಸುಟ್ಟ ಕಾಗದದ ವಾಸನೆಯಾ? ಗಂಟಲಲ್ಲಿ ಕೆರೆತ? ಕಣ್ಣಂಚು ಉರಿ? ಕೊನೆಯ ಎರಡರಲ್ಲಿ ಒಂದು ಇದ್ದರೂ ಆ ಕಡ್ಡಿ ನಮ್ಮ ಮನೆಗಲ್ಲ.

ಹೊಗೆ ನೋಡಿ. ತೆಳ್ಳಗೆ, ಬಿಳಿ ನೀಲಿ ನೂಲಿನಂತೆ ಏಳುತ್ತಿದ್ದರೆ ಒಳ್ಳೆಯದು. ಕಪ್ಪಗೆ, ದಪ್ಪಗೆ ಸುರುಳಿ ಸುತ್ತುತ್ತಿದ್ದರೆ ಎಣ್ಣೆ ಜಾಸ್ತಿಯಾಗಿದೆ. ಸಣ್ಣ ಸಣ್ಣ ಕಿಡಿ ಚಟಪಟ ಅಂದರೂ ಬೇಡ. ಬೂದಿ ಬಗ್ಗೆ ಜನ ಬಹಳ ಹೇಳುತ್ತಾರೆ, ಬಿಳಿ ಬೂದಿ ಇದ್ದರೆ ಶುದ್ಧ, ಸುರುಳಿ ಸುತ್ತಿದರೆ ಶುಭ ಅಂತ. ಬೂದಿಯ ಬಣ್ಣ, ಆಕಾರ ಹಿಟ್ಟು ಯಾವುದು, ಎಷ್ಟು ಒತ್ತಿ ಹೊಸೆದಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ನಾನು ನೋಡುವುದು ಒಂದೇ: ನಡುವೆ ಆರದೆ ಕೊನೆವರೆಗೆ ಉರಿಯಿತಾ ಅಂತ.

ಕೊನೆಯ ಪರೀಕ್ಷೆ ಮಾರನೇ ಬೆಳಿಗ್ಗೆ. ಪರದೆ, ದಿಂಬು ಮೂಸಿ. ಒಳ್ಳೆ ಮಸಾಲೆ ಬತ್ತಿಯ ವಾಸನೆ ರಾತ್ರಿ ಕಳೆದ ಮೇಲೂ ಸಣ್ಣಗೆ, ಸಿಹಿಯಾಗಿ ಇರುತ್ತದೆ. ಕೆಟ್ಟ ಕಡ್ಡಿಯದು ಹಳಸಿದ ಸಿಗರೇಟಿನಂಥ ಕಮಟು. ನಮ್ಮ ಮನೆಯಲ್ಲಿ ಈ ಪರೀಕ್ಷೆಯಲ್ಲಿ ಏಳು ಥರದ ಕಡ್ಡಿ ಬಿದ್ದುಹೋದವು, ಎರಡು ಉಳಿದವು. ಒಂದು ಲಾವಂಚದ ಮಸಾಲೆ ಬತ್ತಿ, ಇನ್ನೊಂದು ಸಂಪಿಗೆಯ ಹಾಲುಮಡ್ಡಿ ಕಡ್ಡಿ. ಅತ್ತೆಯೇ ಪಾಸು ಮಾಡಿದ್ದು.

ಯಾವ ಹೊತ್ತಿಗೆ ಯಾವುದು

ಇದಕ್ಕೆ ಶಾಸ್ತ್ರ ಹುಡುಕಬೇಡಿ, ನಿಮ್ಮ ಮನೆಯ ದಿನಚರಿ ನೋಡಿ. ಬೆಳಿಗ್ಗೆ ಮಕ್ಕಳ ತಿಂಡಿ, ಡಬ್ಬಿಯ ಗಡಿಬಿಡಿ. ನಾನು ಅರ್ಧ ಕಡ್ಡಿ ಲಾವಂಚ ಹಚ್ಚುತ್ತೇನೆ. ಅದರ ವಾಸನೆ ಒಗ್ಗರಣೆಯ ಜೊತೆ ಜಗಳ ಆಡುವುದಿಲ್ಲ. ಮಲ್ಲಿಗೆ, ಗುಲಾಬಿ ಕಡ್ಡಿ ಹಚ್ಚಿದರೆ ಉಪ್ಪಿಟ್ಟೂ ಮಲ್ಲಿಗೆಯೂ ಸೇರಿ ಏನೋ ಆಗಿಬಿಡುತ್ತದೆ. ಅರ್ಧ ಆದ ಮೇಲೆ ತುದಿಯನ್ನು ಬೂದಿಯಲ್ಲಿ ಒತ್ತಿದರೆ ಆರುತ್ತದೆ, ಉಳಿದದ್ದು ಮಾರನೇ ದಿನಕ್ಕೆ. ಸಂಜೆ ದೀಪ ಹಚ್ಚಿದಾಗ ಸಂಪಿಗೆ, ಅದೂ ಒಂದೇ. ಕಿಟಕಿ ತೆರೆದೇ ಇರುತ್ತದೆ, ಸೊಳ್ಳೆ ಪರದೆ ಹಾಕಿಸಿದ್ದೇವೆ.

ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಅರಳುತ್ತದಲ್ಲ, ಆ ಮೂರ್ನಾಲ್ಕು ದಿನ ಮೂಲ ಮನೆಯಲ್ಲಿ ಕಡ್ಡಿಯನ್ನೇ ಹಚ್ಚುವುದಿಲ್ಲ. ಬಾಗಿಲು ತೆಗೆದಿಟ್ಟರೆ ಸಾಕು. ಮಲ್ಲಿಗೆಯಂಥ ಆ ಘಮದ ಮುಂದೆ ಯಾವ ಕಡ್ಡಿ ನಿಲ್ಲುತ್ತದೆ ಹೇಳಿ.

ಕೆಂಡದ ಧೂಪ

ಶುಕ್ರವಾರ, ಹಬ್ಬ, ನವರಾತ್ರಿಗೆ ಕೆಂಡದ ಮೇಲೆ ಧೂಪ ಹಾಕಿದರೆ ಮನೆಗೆ ಮನೆಯೇ ಬೇರೆ ಆಗುತ್ತದೆ. ಮೂಲ ಮನೆಯಲ್ಲಿ ಬಚ್ಚಲ ಹಂಡೆ ಒಲೆಯಿಂದ ನಾಲ್ಕು ಕೆಂಡ ತೆಗೆದರೆ ಆಯಿತು. ಪೇಟೆ ಮನೆಯಲ್ಲಿ ತೆಂಗಿನ ಕರಟ ಒಳ್ಳೆಯದು. ಹೊರಗೆ ಸುಟ್ಟು, ಹೊಗೆಯೆಲ್ಲ ಹೋಗಿ ಕೆಂಡದ ಮೇಲೆ ಬೂದಿ ಪೊರೆ ಬಂದ ಮೇಲೆ ಒಳಗೆ ತನ್ನಿ. ಅಂಗಡಿಯ ದುಂಡು ಇದ್ದಿಲ ಬಿಲ್ಲೆ ಬೇಗ ಹೊತ್ತಿಕೊಳ್ಳಲಿ ಅಂತ ಅದಕ್ಕೆ ಪೆಟ್ಲುಪ್ಪು ಸೇರಿಸಿರುತ್ತಾರೆ. ಅದನ್ನು ಹೊರಗೇ ಹೊತ್ತಿಸಿ, ಚಟಪಟ ನಿಂತು ಪೂರಾ ಬೂದಿ ಬಣ್ಣ ಆಗುವವರೆಗೆ ಕಾಯಿರಿ. ಧೂಪಾರತಿಯ ತಳಕ್ಕೆ ಒಂದು ಬೆರಳು ದಪ್ಪ ಬೂದಿ ಹಾಕಿ ಅದರ ಮೇಲೆ ಕೆಂಡ ಇಟ್ಟರೆ ಹಿಡಿ ಕಾಯುವುದಿಲ್ಲ.

ಸಾಂಬ್ರಾಣಿ ಅಂದರೂ ಲೋಬಾನ ಅಂದರೂ ಅಂಗಡಿಯಲ್ಲಿ ಸಾಮಾನ್ಯವಾಗಿ ಒಂದೇ ಡಬ್ಬದಿಂದ ಕೊಡುತ್ತಾರೆ. ಸುಮಾತ್ರಾ, ಲಾವೋಸ್ ಕಡೆಯ ಮರದ ಅಂಟು ಅದು. ಪುಡಿ ತರಬೇಡಿ, ಗಟ್ಟಿ ತನ್ನಿ. ಒಡೆದರೆ ಕಂದು ಬಣ್ಣದ ನಡುವೆ ಹಾಲಿನ ಬಣ್ಣದ ಬಿಲ್ಲೆಗಳು ಕಾಣಬೇಕು, ವೆನಿಲಾ ಐಸ್‌ಕ್ರೀಮಿನಂಥ ಸಿಹಿ ವಾಸನೆ ಬರಬೇಕು. ಬರೀ ಗಾಜಿನ ಹಾಗೆ ಹೊಳೆದು, ಸುಟ್ಟಾಗ ಪೇಂಟಿನ ವಾಸನೆ ಬಂದರೆ ಅದರಲ್ಲಿ ಪೈನ್ ಮರದ ರಾಳ ಬೆರೆಸಿದ್ದಾರೆ. ಗುಗ್ಗುಳ ರಾಜಸ್ಥಾನ, ಗುಜರಾತ್ ಕಡೆಯ ಗಿಡದ ಅಂಟು. ಗಿಡ ಅಳಿವಿನ ಅಂಚಿನಲ್ಲಿದೆ, ಹಬ್ಬಕ್ಕೆ ಮಾತ್ರ ಚಿಟಿಕೆ ಬಳಸಿದರೆ ಸಾಕು. ನಮ್ಮ ಕಡೆಯ ಸಾಲುಧೂಪ, ಕರಿಧೂಪದ ರಾಳ ಸಿಕ್ಕರೆ ಬಿಡಬೇಡಿ. ಕಾಡಿನ ವಾಸನೆ ಅದರಲ್ಲಿದೆ.

ಅಳತೆ ಅಂದರೆ ಹುಣಸೆ ಬೀಜದಷ್ಟು. ಅದು ಕರಗಿ ಹೋದ ಮೇಲೆ ಬೇಕಾದರೆ ಇನ್ನೊಂದು. ಮುಷ್ಟಿ ಹಾಕಿದರೆ ಹೊಗೆ ಜಾಸ್ತಿ ಆಗುತ್ತದೆ, ಪರಿಮಳ ಸುಟ್ಟುಹೋಗುತ್ತದೆ.

ಎರಡು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಒಂದು, ಮಳೆಗಾಲದ ಥಂಡಿಗೆ ಅಂತ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಎರಡು, ಎಳೆ ಮಗುವಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು. ನಮ್ಮಲ್ಲಿ ಅಜ್ಜಿಯರಿಗೆ ಇದು ಪ್ರೀತಿಯ ಕೆಲಸ, ಗೊತ್ತು. ಆದರೆ ಆ ಪುಟ್ಟ ಎದೆಗೆ ಹೊಗೆ ಒಳ್ಳೆಯದಲ್ಲ. ನನ್ನ ಮಗಳು ಹುಟ್ಟಿದಾಗ, ಬಾಣಂತನದಲ್ಲಿ, ಅತ್ತೆ ಒಂದು ದಾರಿ ಕಂಡುಹಿಡಿದರು. ಧೂಪಾರತಿಯನ್ನು ಪಡಸಾಲೆಯಲ್ಲಿಟ್ಟು, ಮಗುವಿಗೆ ಸುತ್ತುವ ಬಟ್ಟೆಯನ್ನು ದೂರದಿಂದ ಎರಡು ಸಲ ಆಡಿಸಿ, ಚೆನ್ನಾಗಿ ಕೊಡವಿ ಒಳಗೆ ತಂದರು. ಮಗು ಕೋಣೆಯಲ್ಲೇ ಇತ್ತು. ಶಾಸ್ತ್ರವೂ ಆಯಿತು.

ಕರ್ಪೂರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಈಗ ಆರತಿಗೆ ಸಿಗುವ ಕರ್ಪೂರ ಹೆಚ್ಚಿನದು ಟರ್ಪೆಂಟೈನ್‌ನಿಂದ ತಯಾರಾದದ್ದು. ಒಳ್ಳೆ ಕರ್ಪೂರ ಉರಿದ ಮೇಲೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಮೇಣದಂಥ ಕಲೆ ಉಳಿದರೆ ಬೆರಕೆ. ಕರ್ಪೂರದ ಬಿಲ್ಲೆ ಮಕ್ಕಳಿಗೆ ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ಸ್ವಲ್ಪವೇ ನುಂಗಿದರೂ ಫಿಟ್ಸ್ ಬರಬಹುದು. ಎತ್ತರದ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನುಂಗಿದ್ದು ಗೊತ್ತಾದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಓಡಿ.

ಹಚ್ಚುವ ಜಾಗ

ಕಡ್ಡಿ ಚುಚ್ಚಲು ಬಾಳೆಹಣ್ಣು ಬಳಸುವುದನ್ನು ನಾನು ಬಿಟ್ಟೆ. ಬೂದಿ, ಸೆಂಟು ಎರಡೂ ಹಣ್ಣಿನ ಮೇಲೇ ಬೀಳುತ್ತವೆ, ಆಮೇಲೆ ಅದೇ ಹಣ್ಣು ಪ್ರಸಾದ. ಹಿತ್ತಾಳೆ ನಿಲುವು, ಇಲ್ಲದಿದ್ದರೆ ಒಂದು ಲೋಟದಲ್ಲಿ ಮರಳು ಅಥವಾ ಅಕ್ಕಿ ಹಾಕಿ ಚುಚ್ಚಿದರೂ ಆಗುತ್ತದೆ. ಕೆಳಗೆ ಅಗಲದ ತಟ್ಟೆ. ಬತ್ತಿಯ ಹತ್ತಿ, ಎಣ್ಣೆ ಬಾಟಲಿ, ಪರದೆ, ಫೋಟೊಗೆ ಹಾಕಿದ ಪ್ಲಾಸ್ಟಿಕ್ ಹಾರ, ಇವೆಲ್ಲ ಒಂದು ಮೊಳ ದೂರ ಇರಲಿ. ಹಚ್ಚಿಟ್ಟು ಬೀಗ ಹಾಕಿಕೊಂಡು ಹೋಗಬೇಡಿ.

ತುಳಸಿ ಕಟ್ಟೆಯ ಮಣ್ಣಿಗೆ ಚುಚ್ಚಿದರೆ ಗಿಡದಿಂದ ದೂರ, ಅಂಚಿನಲ್ಲಿ ಚುಚ್ಚಿ. ಉಳಿದ ಬಿದಿರ ತುಂಡುಗಳನ್ನು ವಾರಕ್ಕೊಮ್ಮೆ ಕಿತ್ತುಬಿಡಿ.

ಸೊಳ್ಳೆ ಕಡ್ಡಿ ಬೇರೆ, ಊದಿನಕಡ್ಡಿ ಬೇರೆ

ಊದಿನಕಡ್ಡಿಯ ರೂಪದಲ್ಲೇ ಸೊಳ್ಳೆ ಓಡಿಸುವ ಕಡ್ಡಿ ಸಂತೆ, ಬೀದಿ ಬದಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಕೀಟನಾಶಕ ಇರುತ್ತದೆ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಅಂಥದ್ದನ್ನು ನೋಂದಾಯಿಸಿಯೇ ಮಾರಬೇಕು. ನೋಂದಾಯಿಸಿದ್ದರ ಮೇಲೆ ಸಿಐಆರ್ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ್ದನ್ನು ಮನೆಯೊಳಗೆ ತರಬೇಡಿ. ಸಂಖ್ಯೆ ಇದ್ದರೂ ದೇವರ ಮನೆಯಲ್ಲಿ ಹಚ್ಚುವ ವಸ್ತು ಅದಲ್ಲ.

ಮಳೆಗಾಲಕ್ಕೆ ಮುಂಚೆ

ನಮ್ಮೂರ ಕಡೆ ಜೂನ್ ಬಂದರೆ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಕಡ್ಡಿ ತೇವ ಎಳೆದುಕೊಂಡರೆ ನಡುವೆ ನಡುವೆ ಆರುತ್ತದೆ, ಹೊಗೆ ಜಾಸ್ತಿ ಆಗುತ್ತದೆ, ವಾಸನೆ ಮುಗ್ಗಲು. ಮೇ ಕೊನೆಯಲ್ಲಿ ಮೂರು ತಿಂಗಳಿಗೆ ಬೇಕಾದಷ್ಟು ತಂದು, ಬಿಸ್ಕತ್ತಿನ ಹಳೆ ತಗಡು ಡಬ್ಬಿಯಲ್ಲಿ ಹಾಕಿಡಿ. ಸಣ್ಣ ಬಟ್ಟೆ ಗಂಟಿನಲ್ಲಿ ಹುರಿದ ಅಕ್ಕಿ ಕಟ್ಟಿ ಒಳಗಿಟ್ಟರೆ ತೇವ ಅದು ಎಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಆ ಅಕ್ಕಿಯನ್ನು ಮತ್ತೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿಸಿ ಹಾಕಿ. ಹಾಲುಮಡ್ಡಿ ಕಡ್ಡಿಯ ಡಬ್ಬಿಗೆ ಮಾತ್ರ ಅಕ್ಕಿ ಬೇಡ, ಅದರ ಮೆತ್ತನೆ ಗುಣವೇ ಹೋಗಿಬಿಡುತ್ತದೆ. ಅದನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಬೂಷ್ಟು ಬಂದ ಕಡ್ಡಿಯನ್ನು ಒಣಗಿಸಿ ಹಚ್ಚಲು ಹೋಗಬೇಡಿ, ಎಸೆಯಿರಿ.

ಡಬ್ಬಿ ಎಲ್ಲಿಡಬೇಕು ಅನ್ನುವುದು ನಾನು ಸೋತು ಕಲಿತ ಪಾಠ. ಕಾಫಿಯಷ್ಟು ವಾಸನೆ ಎಳೆದುಕೊಳ್ಳುವ ವಸ್ತು ಇನ್ನೊಂದಿಲ್ಲ. ತೋಟದವರು ಕಾಫಿ ಮೂಟೆ ಇಡುವ ಗೋದಾಮಿಗೆ ಗೊಬ್ಬರ, ಔಷಧಿ, ಸೀಮೆಎಣ್ಣೆ ಸೇರಿಸುವುದಿಲ್ಲ. ಅದೆಲ್ಲ ಗೊತ್ತಿದ್ದೂ ನಾನು ಅಡುಗೆಮನೆಯ ಒಂದೇ ಕಪಾಟಿನಲ್ಲಿ ಎರಡನ್ನೂ ಇಟ್ಟೆ. ಹೊಸದಾಗಿ ಹುರಿದು ಪುಡಿ ಮಾಡಿಸಿ ತಂದ ಅರ್ಧ ಕೆಜಿ ಕಾಫಿ ಪುಡಿ. ಮಾರನೇ ವಾರ ಬೆಳಿಗ್ಗೆ ಫಿಲ್ಟರ್‌ನಿಂದ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಅತ್ತೆಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಇವತ್ತು ಕಾಫಿಗೂ ಸಂಪಿಗೆ ಮುಡಿಸಿದೀಯಾ?” ಅಂದರು.

ಈಗ ಕಡ್ಡಿಯ ಡಬ್ಬಿ ದೇವರ ಮನೆಯ ಮೇಲಿನ ಅಟ್ಟದಲ್ಲಿದೆ. ಕಾಫಿ ಪುಡಿ ಅಡುಗೆಮನೆಯ ಇನ್ನೊಂದು ತುದಿಯಲ್ಲಿ.